ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಮದರ್‌ಬೋರ್ಡಿನ ಧ್ವನಿ ಸಂಪೂರ್ಣವಾಗಿ ನಿಂತಿದೆ, ದಯವಿಟ್ಟು ದಾರಿ ತೋರಿಸಿ

ಬ್ರಹ್ಮಪುರ ನಿವಾಸಿ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಇದು ನನ್ನ ಕಾಕಾ ಬಳಸುವ ಕಂಪ್ಯೂಟರಿನ ತೊಂದರೆ. ಅವರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಅವರು ಪಾಠದ ಟಿಪ್ಪಣಿ, ಇಮೇಲ್, ಪ್ರಶ್ನೆಪತ್ರಿಕೆ ಎಲ್ಲವನ್ನೂ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದ ನೆರವಿನಿಂದ ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ಧ್ವನಿ ನಿಂತರೆ ಅವರ ಕೆಲಸವೇ ನಿಲ್ಲುತ್ತದೆ.

ಇಂಟೆಲ್ 300 ಸರಣಿಯ ಮದರ್‌ಬೋರ್ಡ್, ಎಂಟನೇ ತಲೆಮಾರಿನ ಐ3 ಪ್ರೊಸೆಸರ್, ವಿಂಡೋಸ್ 10 ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಾನಿಟರ್ ಹಳೆಯದಾದ್ದರಿಂದ ವಿಜಿಎ ಕೇಬಲ್ ಹಾಕಿದ್ದೇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವಿಂಡೋಸ್ 11ಕ್ಕೆ ಹೋಗಬೇಕಿತ್ತು. ಅದಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ತಾನಾಗಿಯೇ ಸಕ್ರಿಯಗೊಳಿಸುವ ಬಯೋಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ ತಯಾರಕರ ಜಾಲತಾಣದಲ್ಲಿ ಸಿಕ್ಕಿದ್ದರಿಂದ ಅದನ್ನು ಹಾಕಿದೆ. ಅಪ್‌ಡೇಟ್ ಯಾವ ಅಡಚಣೆಯೂ ಇಲ್ಲದೆ ಮುಗಿಯಿತು. ವಿಂಡೋಸ್ ಕೂಡ ಸರಿಯಾಗಿ ತೆರೆಯುತ್ತದೆ. ಆದರೆ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು ಬಂದಿದ್ದು, ಧ್ವನಿ ಹೊರಡಿಸುವ ಯಾವ ಸಾಧನವೂ ಇಲ್ಲವೆಂಬ ಸಂದೇಶ ಕಾಣುತ್ತಿದೆ.

ಧ್ವನಿಯ ಡ್ರೈವರ್ (ಸಾಧನವನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ) ತೆಗೆದು ಹೊಸದಾಗಿ ಹಾಕಿದರೂ ಫಲವಿಲ್ಲ. ಹತ್ತಿರದ ರಿಪೇರಿ ಅಂಗಡಿಯವರು ಯಂತ್ರವನ್ನು ತೆರೆದು ನೋಡದೆಯೇ ಸೌಂಡ್ ಚಿಪ್ ಸುಟ್ಟಿದೆ, ಬೋರ್ಡ್ ಬದಲಿಸಬೇಕು ಎನ್ನುತ್ತಿದ್ದಾರೆ. ಹೊಸ ಬೋರ್ಡಿಗೆ ಹಣ ಹಾಕುವ ಮೊದಲು ತಿಳಿದವರ ಮಾತು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಭೀಮಾತೀರ (ಯಾದಗಿರಿ):

ಸರ್, ದೋಷ ಹುಡುಕುವ ಕೆಲಸ ನಿಧಾನವಾಗಿ ನಡೆಯಲಿ, ಕಾಕಾ ಅವರಿಗೆ ಇವತ್ತೇ ಧ್ವನಿ ಸಿಗಲಿ. ಯಾವುದಾದರೂ ಯುಎಸ್‌ಬಿ ಹೆಡ್‌ಸೆಟ್ ಅಥವಾ ಪೆನ್‌ಡ್ರೈವ್ ಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ಚುಚ್ಚಿ. ಅದರೊಳಗೆ ತನ್ನದೇ ಸೌಂಡ್ ಚಿಪ್ ಇರುವುದರಿಂದ ಮದರ್‌ಬೋರ್ಡಿನ ಚಿಪ್ಪನ್ನು ಅದು ಅವಲಂಬಿಸುವುದಿಲ್ಲ, ವಿಂಡೋಸ್‌ನೊಳಗೇ ಇರುವ ಡ್ರೈವರ್ ಅದಕ್ಕೆ ಸಾಕಾಗುತ್ತದೆ. ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಲ್ಲೇ ಸಿಗಬೇಕು. ಚುಚ್ಚಿದ ಮೇಲೆ ಕಂಟ್ರೋಲ್, ಆಲ್ಟ್, ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎನ್‌ವಿಡಿಎ ಮತ್ತೆ ಶುರುವಾಗುತ್ತದೆ.

ಬೋರ್ಡ್ ಮಾತ್ರ ಈಗಲೇ ಬದಲಿಸಬೇಡಿ. ಅಪ್‌ಡೇಟ್ ಆದ ಗಳಿಗೆಯಲ್ಲೇ ಚಿಪ್ ಸುಟ್ಟಿತು ಎಂಬ ಮಾತು ನಂಬುವಂಥದ್ದಲ್ಲ.

ತೊಗರಿ ಹೊಲ (ಸೇಡಂ):

ಬಯೋಸ್ ಅಪ್‌ಡೇಟ್ ಆದಾಗ ಹಳೆಯ ಆಯ್ಕೆಗಳೆಲ್ಲ ಅಳಿಸಿಹೋಗಿ ಕಾರ್ಖಾನೆಯ ಆಯ್ಕೆಗಳು ಬಂದು ಕೂರುತ್ತವೆ. ನನ್ನ ಕಂಪ್ಯೂಟರಿನಲ್ಲಿ ಇದೇ ರೀತಿ ಧ್ವನಿ ಹೋದಾಗ ಬಯೋಸ್ ಒಳಗೆ ಎಚ್‌ಡಿ ಆಡಿಯೋ ಕಂಟ್ರೋಲರ್ ಎಂಬುದು ಡಿಸೇಬಲ್ ಆಗಿತ್ತು; ಎನೇಬಲ್ ಮಾಡಿ ಎಫ್10 ಒತ್ತಿ ಉಳಿಸಿದ ಮೇಲೆ ಎಲ್ಲವೂ ಮೊದಲಿನಂತಾಯಿತು. ಆ ಆಯ್ಕೆಯ ಜಾಗ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ: ಏಸಸ್ ಬೋರ್ಡುಗಳಲ್ಲಿ ಅಡ್ವಾನ್ಸ್ಡ್ ಒಳಗಿನ ಆನ್‌ಬೋರ್ಡ್ ಡಿವೈಸಸ್ ಕಾನ್ಫಿಗರೇಶನ್, ಎಂಎಸ್‌ಐ ಬೋರ್ಡುಗಳಲ್ಲಿ ಇಂಟಿಗ್ರೇಟೆಡ್ ಪೆರಿಫೆರಲ್ಸ್, ಗಿಗಾಬೈಟ್ ಬೋರ್ಡುಗಳಲ್ಲಿ ಚಿಪ್‌ಸೆಟ್ ಅಥವಾ ಐಒ ಪೋರ್ಟ್ಸ್ ಎಂಬ ಪುಟದಲ್ಲಿ ನೋಡಿ.

ಬ್ರಹ್ಮಪುರ ನಿವಾಸಿ (ಕಲಬುರಗಿ):

ಭೀಮಾತೀರ ಅವರೇ, ನಿಮ್ಮ ಸಲಹೆಯಂತೆ ಯುಎಸ್‌ಬಿ ಹೆಡ್‌ಸೆಟ್ ತಂದೆ. ಕಾಕಾ ಈಗ ಕೆಲಸಕ್ಕೆ ಕುಳಿತಿದ್ದಾರೆ. ಮನೆಯವರೆಲ್ಲರ ಪರವಾಗಿ ಧನ್ಯವಾದಗಳು. ಸೇಡಂನ ಸರ್, ಆ ಆಯ್ಕೆ ನೋಡಿದೆ, ಅದು ಎನೇಬಲ್ ಆಗಿಯೇ ಇದೆ. ಒಮ್ಮೆ ಡಿಸೇಬಲ್ ಮಾಡಿ ಉಳಿಸಿ, ಮತ್ತೆ ಎನೇಬಲ್ ಮಾಡಿ ಉಳಿಸಿದರೂ ಬದಲಾವಣೆಯಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಧ್ವನಿ ಸಾಧನಗಳ ವಿಭಾಗದಲ್ಲಿ ಈಗ ಯುಎಸ್‌ಬಿ ಹೆಡ್‌ಸೆಟ್ ಮತ್ತು ಇಂಟೆಲ್ ಡಿಸ್‌ಪ್ಲೇ ಆಡಿಯೋ ಇವೆರಡೇ ಇವೆ. ಮೊದಲು ಅಲ್ಲಿದ್ದ ರಿಯಲ್‌ಟೆಕ್ (ಬೋರ್ಡಿನ ಸೌಂಡ್ ಚಿಪ್ ತಯಾರಿಸಿದ ಕಂಪನಿ) ಹೆಸರು ಮಾಯವಾಗಿದೆ. ಹಳದಿ ಗುರುತಿನ ಅಪರಿಚಿತ ಸಾಧನವೂ ಎಲ್ಲೂ ಇಲ್ಲ.

ಕಾಕಾ ಒಂದು ಮಾತು ಹೇಳಿದರು, ಅದನ್ನೂ ಬರೆಯುತ್ತೇನೆ. ಮೊದಲು ಪವರ್ ಬಟನ್ ಒತ್ತಿದ ಕೂಡಲೇ, ವಿಂಡೋಸ್ ಬರುವುದಕ್ಕೂ ಬಹಳ ಮುಂಚೆ, ಹಿಂಬದಿಯ ಹಸಿರು ಜ್ಯಾಕ್‌ಗೆ ಹಾಕಿದ ಸ್ಪೀಕರಿನಿಂದ ಟಪ್ ಎಂಬ ಸಣ್ಣ ಸದ್ದು ಬರುತ್ತಿತ್ತಂತೆ. ಅಪ್‌ಡೇಟ್ ಆದಂದಿನಿಂದ ಆ ಸದ್ದು ಬರುತ್ತಿಲ್ಲ.

ಕರಿಮಣ್ಣು (ಶಹಾಪುರ):

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ವಿಂಡೋಸ್ ಅನ್ನು ಹೊಸದಾಗಿ ಹಾಕಿಬಿಡಿ. ಹೇಗಿದ್ದರೂ ವಿಂಡೋಸ್ 11 ಹಾಕುವವರಿದ್ದೀರಲ್ಲ. ಇಲ್ಲವಾದರೆ ಡ್ರೈವರ್‌ಗಳನ್ನು ತಾನೇ ಹುಡುಕಿ ಹಾಕುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಒಂದನ್ನು ಓಡಿಸಿ ನೋಡಿ.

ಬಿದರಿ ಕುಸುರಿ (ಬೀದರ್):

ಶಹಾಪುರದ ಮಿತ್ರರ ಸದುದ್ದೇಶವನ್ನು ಗೌರವಿಸುತ್ತಲೇ ಈ ಸಲಹೆಯನ್ನು ಪಾಲಿಸಬೇಡಿರೆಂದು ಕೇಳಿಕೊಳ್ಳುತ್ತೇನೆ. ದೃಷ್ಟಿಯಿಲ್ಲದವರ ಕಂಪ್ಯೂಟರಿನಲ್ಲಿ ವಿಂಡೋಸ್ ಹೊಸದಾಗಿ ಹಾಕುವುದೆಂದರೆ ಅವರು ವರ್ಷಗಳ ಕಾಲ ತಮ್ಮ ಕಿವಿಗೆ ಹೊಂದಿಸಿಕೊಂಡ ಓದಿನ ವೇಗ, ಉಚ್ಚಾರಣೆಯ ನಿಘಂಟು, ಕೀಲಿಗಳ ಏರ್ಪಾಡು ಎಲ್ಲವನ್ನೂ ಅಳಿಸಿದಂತಾಗುತ್ತದೆ. ಡ್ರೈವರ್ ಹುಡುಕುವ ಉಚಿತ ತಂತ್ರಾಂಶಗಳು ಬೇರೆ ಮಾದರಿಯ ಬೋರ್ಡಿನ ಡ್ರೈವರ್ ತಂದು ತುಂಬುವುದನ್ನು ರಿಪೇರಿ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕಾಕಾ ಹೇಳಿದ ಟಪ್ ಸದ್ದು ವಿಂಡೋಸ್‌ಗೆ ಸಂಬಂಧಿಸಿದ್ದೇ ಅಲ್ಲ. ಸೌಂಡ್ ಚಿಪ್ಪಿಗೆ ವಿದ್ಯುತ್ ತಲುಪಿ ಅದರ ಔಟ್‌ಪುಟ್ ಎಚ್ಚರಗೊಳ್ಳುವಾಗ ಬರುವ ಸದ್ದು ಅದು. ವಿಂಡೋಸ್ ಬರುವ ಮೊದಲೇ ಆಗಬೇಕಾದದ್ದು ಆಗುತ್ತಿಲ್ಲವೆಂದ ಮೇಲೆ ದೋಷವನ್ನು ವಿಂಡೋಸ್‌ನಲ್ಲಿ ಹುಡುಕುವುದು ವ್ಯರ್ಥ. ಇಡೀ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯಂತ ಉಪಯುಕ್ತ ಸುಳಿವನ್ನು ಕೊಟ್ಟವರು ಕಾಕಾ ಅವರೇ.

ಮದರ್‌ಬೋರ್ಡಿನ ಧ್ವನಿ ಎರಡು ಚಿಪ್ಪುಗಳ ಕೆಲಸ. ಒಂದು ಕಂಟ್ರೋಲರ್; ಇಂಟೆಲ್ ಬೋರ್ಡಿನಲ್ಲಿ ಅದು ಚಿಪ್‌ಸೆಟ್ಟಿನ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಬೆಸೆಯುವ ಚಿಪ್) ಒಳಗೇ ಇರುತ್ತದೆ. ಇನ್ನೊಂದು ಕೋಡೆಕ್, ಅದು ಹಿಂಬದಿಯ ಜ್ಯಾಕ್‌ಗಳ ಸಮೀಪ ಕೂತಿರುವ, ಅಂಕಿಗಳನ್ನು ವಿದ್ಯುತ್ ತರಂಗವಾಗಿಸುವ ಪುಟ್ಟ ಚಿಪ್, ಬಹುಪಾಲು ರಿಯಲ್‌ಟೆಕ್ ಕಂಪನಿಯದ್ದು. ಇವೆರಡರ ನಡುವಿನ ಮಾತುಕತೆಯ ನಿಯಮವನ್ನು ಇಂಟೆಲ್ 2004ರಲ್ಲಿ ಎಚ್‌ಡಿ ಆಡಿಯೋ ಎಂಬ ಹೆಸರಿನಲ್ಲಿ ಹೊರತಂದಿತು. ಅದಕ್ಕೂ ಮುಂಚೆ ಇದ್ದದ್ದು 1997ರ ಎಸಿ 97. ಯಂತ್ರ ಶುರುವಾದಾಗ ಕಂಟ್ರೋಲರ್ ಈ ಕೊಂಡಿಯನ್ನು ರಿಸೆಟ್ ಮಾಡುತ್ತದೆ, ಆಗ ಕೊಂಡಿಯಲ್ಲಿರುವ ಪ್ರತಿಯೊಂದು ಕೋಡೆಕ್ ಹಾಜರಿ ಹೇಳಬೇಕು. ಹಾಜರಿ ಹೇಳದ ಕೋಡೆಕ್ ವಿಂಡೋಸ್‌ನ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ ಹಳದಿ ಗುರುತೂ ಕಾಣುವುದಿಲ್ಲ, ಎಷ್ಟು ಡ್ರೈವರ್ ಹಾಕಿದರೂ ಅದು ಹೋಗಿ ಕೂರಲು ಜಾಗವಿರುವುದಿಲ್ಲ.

ಈಗ ನಿಮ್ಮ ಡಿವೈಸ್ ಮ್ಯಾನೇಜರ್‌ನಲ್ಲಿ ಇಂಟೆಲ್ ಡಿಸ್‌ಪ್ಲೇ ಆಡಿಯೋ ಕಾಣುತ್ತಿರುವುದನ್ನು ಗಮನಿಸಿ. ಎಚ್‌ಡಿಎಂಐ ಮೂಲಕ ಧ್ವನಿ ಕಳುಹಿಸುವ ಅದೂ ಒಂದು ಕೋಡೆಕ್, ಮತ್ತು ನಿಮ್ಮ ತಲೆಮಾರಿನ ಇಂಟೆಲ್ ಯಂತ್ರಗಳಲ್ಲಿ ಅದು ರಿಯಲ್‌ಟೆಕ್ ಕೋಡೆಕ್ ಇರುವ ಅದೇ ಕಂಟ್ರೋಲರಿಗೆ ಅಂಟಿಕೊಂಡಿರುತ್ತದೆ. ಅದು ಹಾಜರಿದೆಯೆಂದರೆ ಕಂಟ್ರೋಲರ್ ಜೀವಂತವಾಗಿದೆ, ಬಯೋಸ್ ಆಯ್ಕೆಯೂ ಸರಿಯಾಗಿದೆ. ಒಂದು ಕೋಡೆಕ್ ಮಾತ್ರ ಉತ್ತರ ಕೊಡುತ್ತಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಉಬುಂಟು ಲಿನಕ್ಸ್ ಅನ್ನು ಪೆನ್‌ಡ್ರೈವಿಗೆ ಬರೆದು, ಹಾರ್ಡ್ ಡಿಸ್ಕಿಗೆ ಏನನ್ನೂ ಹಾಕದೆ ಅದರಿಂದಲೇ ಯಂತ್ರ ಶುರುಮಾಡಿ. ಪ್ರಾಕ್ ಎಂಬ ಫೋಲ್ಡರಿನೊಳಗೆ ಎ-ಸೌಂಡ್, ಅದರೊಳಗೆ ಕಾರ್ಡ್ 0 (/proc/asound/card0) ಎಂದಿರುತ್ತದೆ. ಸಾಮಾನ್ಯವಾಗಿ ಅಲ್ಲಿ ಕೋಡೆಕ್ 0 ಮತ್ತು ಕೋಡೆಕ್ 2 ಎಂಬ ಎರಡು ಫೈಲುಗಳಿರುತ್ತವೆ. ಮೊದಲನೆಯದು ರಿಯಲ್‌ಟೆಕ್, ಎರಡನೆಯದು ಇಂಟೆಲ್ ಎಚ್‌ಡಿಎಂಐ. ನಿಮಗೆ ಏನು ಕಾಣಿಸಿತೆಂದು ಬರೆಯಿರಿ. ಪರೀಕ್ಷಿಸುವಾಗ ಯುಎಸ್‌ಬಿ ಹೆಡ್‌ಸೆಟ್ ತೆಗೆದಿಡಿ, ಅದು ಇನ್ನೊಂದು ಕಾರ್ಡ್ ಆಗಿ ಕಾಣಿಸಿಕೊಂಡು ಗೊಂದಲ ಉಂಟುಮಾಡುತ್ತದೆ.

ಬ್ರಹ್ಮಪುರ ನಿವಾಸಿ (ಕಲಬುರಗಿ):

ಸರ್, ಕೋಡೆಕ್ 2 ಮಾತ್ರ ಇದೆ. ಅದನ್ನು ತೆರೆದರೆ ಇಂಟೆಲ್ ಹೆಸರಿದೆ. ಕೋಡೆಕ್ 0 ಇಲ್ಲ. ಹಾಗಾದರೆ ಅಂಗಡಿಯವರ ಮಾತೇ ನಿಜವೇ?

ಬಿದರಿ ಕುಸುರಿ (ಬೀದರ್):

ಇಲ್ಲ, ಆ ತೀರ್ಮಾನಕ್ಕೆ ಬರುವ ಮುನ್ನ ಮಾಡಲೇಬೇಕಾದ ಒಂದು ಕೆಲಸ ಬಾಕಿಯಿದೆ. ಅದಕ್ಕೆ ಮೊದಲು ಒಂದು ಪ್ರಶ್ನೆ: ನಿಮ್ಮ ಕಂಪ್ಯೂಟರ್ ಯುಪಿಎಸ್‌ಗೆ ಜೋಡಣೆಯಾಗಿದೆಯೇ? ರಾತ್ರಿ ಅದನ್ನೂ ಆರಿಸುತ್ತೀರೋ, ಇಲ್ಲವೇ ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟು ಬಿಡುತ್ತೀರೋ?

ಬ್ರಹ್ಮಪುರ ನಿವಾಸಿ (ಕಲಬುರಗಿ):

ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ್ದರಿಂದ ಯುಪಿಎಸ್ ಸದಾ ಚಾಲೂ ಇರುತ್ತದೆ. ಶಟ್‌ಡೌನ್ ಕೊಟ್ಟು ಬಿಡುತ್ತೇವೆ, ಅಷ್ಟೇ.

ಬಿದರಿ ಕುಸುರಿ (ಬೀದರ್):

ನನ್ನ ಊಹೆಗೆ ಇದು ಪುಷ್ಟಿ ಕೊಡುತ್ತದೆ. ಕಂಪ್ಯೂಟರ್ ಆರಿದಂತೆ ಕಂಡರೂ ಗೋಡೆಯ ಸ್ವಿಚ್ ಚಾಲೂ ಇರುವವರೆಗೆ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) 5 ವೋಲ್ಟ್‌ಗಳ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಬಯೋಸ್ ಬರೆಯುವಾಗ ಯಂತ್ರ ತಾನಾಗಿ ಆರಿ ಹೊತ್ತಿಕೊಂಡರೂ ಈ ವಿದ್ಯುತ್ ಕಡಿದುಹೋಗುವುದಿಲ್ಲ. ಹೊಸ ಬಯೋಸ್ ಕೋಡೆಕ್ಕಿಗೆ ಕಳುಹಿಸುವ ಆರಂಭಿಕ ಆದೇಶಗಳಿಗೂ ಅದು ಹಿಂದಿನಿಂದ ಉಳಿಸಿಕೊಂಡ ಸ್ಥಿತಿಗೂ ಹೊಂದಿಕೆಯಾಗದೆ ಕೋಡೆಕ್ ಸಿಕ್ಕಿಬೀಳುವುದುಂಟು. ಒಮ್ಮೆ ಸಿಕ್ಕಿಬಿದ್ದ ಕೋಡೆಕ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಬಿಡಿಸಿಕೊಳ್ಳುವುದಿಲ್ಲ, ಏಕೆಂದರೆ ಅದರ ವಿದ್ಯುತ್ ಯಾವತ್ತೂ ಸೊನ್ನೆಗೆ ಇಳಿದಿರುವುದಿಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಕೂಡ ಪೂರ್ಣ ಶಟ್‌ಡೌನ್ ಅಲ್ಲ. ಹಾಗಾಗಿ ಈ ಬಾರಿ ಶಿಫ್ಟ್ ಕೀಲಿ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಕೊಡಿ.

ಯಂತ್ರ ಆರಿದ ಮೇಲೆ ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ ಆರಿಸಿ, ಪವರ್ ಕೇಬಲನ್ನೇ ಕಿತ್ತು ತೆಗೆಯಿರಿ. ಅಷ್ಟರಿಂದಲೇ ತೃಪ್ತರಾಗಬೇಡಿ: ಮಾನಿಟರ್, ಪ್ರಿಂಟರ್, ಸ್ಪೀಕರ್, ಯುಎಸ್‌ಬಿ ಸಾಧನಗಳು, ನೆಟ್‌ವರ್ಕ್ ಕೇಬಲ್ ಎಲ್ಲವನ್ನೂ ಬಿಚ್ಚಿ, ಏಕೆಂದರೆ ತಮ್ಮದೇ ವಿದ್ಯುತ್ತಿರುವ ಸಾಧನಗಳಿಂದ ಕೇಬಲ್ ಮೂಲಕ ಅಲ್ಪಸ್ವಲ್ಪ ವಿದ್ಯುತ್ ಒಳಗೆ ಹರಿಯಬಹುದು. ಆಮೇಲೆ ಪವರ್ ಬಟನ್ನನ್ನು ಅರ್ಧ ನಿಮಿಷದಷ್ಟು ಒತ್ತಿ ಹಿಡಿಯಿರಿ. ಬೋರ್ಡಿನ ಮೇಲೆ ಸಣ್ಣ ದೀಪವಿದ್ದರೆ ಅದು ಪೂರ್ತಿ ನಂದಿರಬೇಕು. ಹದಿನೈದು ನಿಮಿಷ ಹಾಗೆಯೇ ಬಿಟ್ಟು, ಮೊದಲು ಪವರ್ ಕೇಬಲ್, ಮಾನಿಟರ್, ಕೀಬೋರ್ಡ್ ಮತ್ತು ಹಿಂಬದಿಯ ಸ್ಪೀಕರ್ ಇಷ್ಟನ್ನೇ ಹಾಕಿ ಶುರುಮಾಡಿ.

ಬೋರ್ಡಿನ ಮೇಲಿರುವ ಸಿಆರ್ 2032 ಬ್ಯಾಟರಿಯನ್ನು ಈಗಲೇ ತೆಗೆಯಬೇಡಿ. ಅದನ್ನು ತೆಗೆದರೆ ಬಯೋಸ್ ಆಯ್ಕೆಗಳು ಮತ್ತೊಮ್ಮೆ ಅಳಿಯುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ, ಟಿಪಿಎಂ ಸ್ಥಿತಿ ಬದಲಾದದ್ದಕ್ಕೆ ಅದು ರಿಕವರಿ ಕೀ ಕೇಳುತ್ತದೆ, ಆ 48 ಅಂಕಿಗಳು ಕೈಯಲ್ಲಿಲ್ಲದಿದ್ದರೆ ಕಾಕಾ ಅವರ ಬರಹಗಳೆಲ್ಲ ಬೀಗದೊಳಗೆ ಉಳಿಯುತ್ತವೆ.

ಬ್ರಹ್ಮಪುರ ನಿವಾಸಿ (ಕಲಬುರಗಿ):

ಸರ್, ಧ್ವನಿ ಬಂತು. ನೀವು ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಮಾಡಿದೆ. ಪವರ್ ಬಟನ್ ಒತ್ತಿದ ಕೂಡಲೇ ಪಕ್ಕದ ಕುರ್ಚಿಯಲ್ಲಿದ್ದ ಕಾಕಾ, ಪರದೆಯ ಮೇಲೆ ಇನ್ನೂ ಕಂಪನಿಯ ಚಿತ್ರವೂ ಮೂಡಿರಲಿಲ್ಲ, ಅಷ್ಟರಲ್ಲೇ ‘ಬಂತು ನೋಡಪ್ಪ’ ಎಂದರು. ಅವರ ಕಿವಿಗೆ ಟಪ್ ಸದ್ದು ಬಿದ್ದಿತ್ತು, ನನಗೆ ಗೊತ್ತಾಗಿರಲಿಲ್ಲ. ವಿಂಡೋಸ್ ತೆರೆದ ಮೇಲೆ ರಿಯಲ್‌ಟೆಕ್ ಹೆಸರು ತನ್ನ ಜಾಗಕ್ಕೆ ಮರಳಿದೆ, ಹಿಂಬದಿಯ ಸ್ಪೀಕರಿನಲ್ಲಿ ಧ್ವನಿ ಸ್ಪಷ್ಟವಾಗಿದೆ.

ಆದರೆ ಎರಡು ತೊಂದರೆಗಳು ಉಳಿದಿವೆ. ಯುಎಸ್‌ಬಿ ಹೆಡ್‌ಸೆಟ್ ತೆಗೆದ ಮೇಲೂ ಎನ್‌ವಿಡಿಎ ಸ್ಪೀಕರಿನಲ್ಲಿ ಮಾತನಾಡುತ್ತಿಲ್ಲ, ಬೇರೆ ಧ್ವನಿಗಳು ಮಾತ್ರ ಬರುತ್ತವೆ. ಇನ್ನೊಂದು, ಕ್ಯಾಬಿನೆಟ್ಟಿನ ಮುಂಬದಿಯ ಜ್ಯಾಕ್‌ಗೆ ಕಾಕಾ ಯಾವಾಗಲೂ ಹಾಕುವ ಹೆಡ್‌ಫೋನ್ ಹಾಕಿದರೆ ಅದು ಪತ್ತೆಯಾಗುವುದೇ ಇಲ್ಲ. ಧ್ವನಿ ಸ್ಪೀಕರಿನಲ್ಲೇ ಮುಂದುವರಿಯುತ್ತದೆ. ಅಪ್‌ಡೇಟ್‌ಗೆ ಮೊದಲು ಅದು ಸರಿಯಾಗಿತ್ತು.

ಭೀಮಾತೀರ (ಯಾದಗಿರಿ):

ಬಹಳ ಸಂತೋಷದ ಸುದ್ದಿ ಸರ್. ಮೊದಲನೆಯದಕ್ಕೆ ಉತ್ತರ ಸುಲಭ. ಎನ್‌ವಿಡಿಎ ತನ್ನ ಧ್ವನಿ ಯಾವ ಸಾಧನಕ್ಕೆ ಹೋಗಬೇಕೆಂಬುದನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳಬಲ್ಲದು. ಅದರ ಸೆಟ್ಟಿಂಗ್ಸ್‌ನ ಆಡಿಯೋ ಪುಟದಲ್ಲಿ ಹೆಡ್‌ಸೆಟ್ಟಿನ ಬದಲು ಡೀಫಾಲ್ಟ್ ಸಾಧನವನ್ನು ಆರಿಸಿ. ಅದಾಗುವವರೆಗೆ ಕಾಕಾ ಅವರು ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒತ್ತಿ ವಿಂಡೋಸ್‌ನದೇ ಆದ ನರೇಟರ್ ಬಳಸಬಹುದು.

ತೊಗರಿ ಹೊಲ (ಸೇಡಂ):

ಬೀದರಿನ ಸರ್, ಒಂದು ಸಂದೇಹ. ನನ್ನದು ಎಎಂಡಿ ಯಂತ್ರ. ಡಿಸ್‌ಪ್ಲೇ ಆಡಿಯೋ ಇದ್ದರೆ ಕಂಟ್ರೋಲರ್ ಜೀವಂತ ಎಂಬ ನಿಮ್ಮ ಮಾತು ನನ್ನ ಯಂತ್ರಕ್ಕೂ ಅನ್ವಯಿಸುತ್ತದೆಯೇ? ನನ್ನಲ್ಲಿ ಎಚ್‌ಡಿಎಂಐ ಧ್ವನಿ ಇದ್ದಾಗಲೇ ಬಯೋಸ್ ಆಯ್ಕೆ ಡಿಸೇಬಲ್ ಆಗಿತ್ತು.

ಬಿದರಿ ಕುಸುರಿ (ಬೀದರ್):

ಅನ್ವಯಿಸುವುದಿಲ್ಲ, ಕೇಳಿದ್ದು ಒಳ್ಳೆಯದಾಯಿತು. ಎಎಂಡಿ ಯಂತ್ರಗಳಲ್ಲಿ ಗ್ರಾಫಿಕ್ಸ್‌ನ ಧ್ವನಿಗೆ ಬೇರೆಯದೇ ಕಂಟ್ರೋಲರ್ ಇರುತ್ತದೆ. ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಹಾಕಿದ ಇಂಟೆಲ್ ಯಂತ್ರದಲ್ಲೂ ಆ ಕಾರ್ಡಿನ ಧ್ವನಿಯದು ಬೇರೆ ಕಂಟ್ರೋಲರ್. ಅಂಥ ಯಂತ್ರಗಳಲ್ಲಿ ಡಿವೈಸ್ ಮ್ಯಾನೇಜರ್‌ನ ಸಿಸ್ಟಮ್ ಡಿವೈಸಸ್ ವಿಭಾಗದಲ್ಲಿ ಎಚ್‌ಡಿ ಆಡಿಯೋ ಕಂಟ್ರೋಲರ್‌ಗಳು ಎಷ್ಟಿವೆ ಎಂದು ಎಣಿಸಬೇಕು. ಇನ್ನೂ ಹೊಸ ಬೋರ್ಡುಗಳಲ್ಲಿ ಬರುವ ಎಎಲ್‌ಸಿ 4080 ಎಂಬ ರಿಯಲ್‌ಟೆಕ್ ಚಿಪ್ ಈ ಕೊಂಡಿಯನ್ನೇ ಬಳಸುವುದಿಲ್ಲ, ಬೋರ್ಡಿನ ಒಳಗೇ ಯುಎಸ್‌ಬಿ ಮೂಲಕ ಜೋಡಣೆಯಾಗಿರುತ್ತದೆ. ಅದು ಕಾಣೆಯಾದರೆ ಯುಎಸ್‌ಬಿ ವಿಭಾಗದಲ್ಲಿ ಹುಡುಕಬೇಕಾಗುತ್ತದೆ.

ಬ್ರಹ್ಮಪುರದ ಸರ್, ಮುಂಬದಿಯ ಜ್ಯಾಕ್ ವಿಷಯ. ಕ್ಯಾಬಿನೆಟ್ ಬೋರ್ಡಿಗಿಂತ ಹಳೆಯದೇ? ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು, ಮುಂಬದಿಯ ಜ್ಯಾಕ್‌ನಿಂದ ಬರುವ ಕಪ್ಪು ವೈರಿನ ತುದಿಯನ್ನು ನೋಡಿ. ಅನೇಕ ಕ್ಯಾಬಿನೆಟ್‌ಗಳಲ್ಲಿ ಆ ಒಂದೇ ವೈರಿಗೆ ಎರಡು ಪ್ಲಗ್‌ಗಳಿರುತ್ತವೆ, ಒಂದರ ಮೇಲೆ ಎಸಿ 97 ಎಂದೂ ಇನ್ನೊಂದರ ಮೇಲೆ ಎಚ್‌ಡಿ ಆಡಿಯೋ ಎಂದೂ ಅಚ್ಚಾಗಿರುತ್ತದೆ. ಮುಟ್ಟುವ ಮೊದಲು ಪವರ್ ಕೇಬಲ್ ತೆಗೆದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ. ನಮ್ಮ ಭಾಗದ ಒಣ ಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ ಬೇಗ ಸೇರಿಕೊಳ್ಳುತ್ತದೆ.

ಬ್ರಹ್ಮಪುರ ನಿವಾಸಿ (ಕಲಬುರಗಿ):

ಹೌದು ಸರ್, ಕ್ಯಾಬಿನೆಟ್ ಹಿಂದಿನ ಕಂಪ್ಯೂಟರಿನದ್ದು, ಬೋರ್ಡ್ ಮಾತ್ರ ಹೊಸದಾಗಿ ಹಾಕಿಸಿದ್ದು. ವೈರಿಗೆ ಎರಡು ಪ್ಲಗ್‌ಗಳಿವೆ. ಬೋರ್ಡಿನ ಪಿನ್‌ಗಳಿಗೆ ಎಸಿ 97 ಎಂಬ ಪ್ಲಗ್ ಹಾಕಿದ್ದಾರೆ, ಎಚ್‌ಡಿ ಆಡಿಯೋ ಎಂಬುದು ಫ್ಯಾನಿನ ಪಕ್ಕ ಟ್ಯಾಗ್‌ನಿಂದ ಕಟ್ಟಿ ಬಿಟ್ಟಂತಿದೆ.

ಬಿದರಿ ಕುಸುರಿ (ಬೀದರ್):

ಹಾಗಾದರೆ ಕಾರಣ ಸಿಕ್ಕಿತು. ಎಚ್‌ಡಿ ಪದ್ಧತಿಯಲ್ಲಿ ಜ್ಯಾಕ್‌ಗೆ ಏನಾದರೂ ಹಾಕಿದ್ದನ್ನು ತಿಳಿಸಲು ಪ್ರತ್ಯೇಕ ತಂತಿಗಳಿವೆ. ಎಸಿ 97 ಪದ್ಧತಿಯಲ್ಲಿ ಅವು ಇಲ್ಲ. ಯಂತ್ರ ಜೋಡಿಸಿದವರು ಎಸಿ 97 ಪ್ಲಗ್ ಹಾಕಿ, ಬಯೋಸ್‌ನಲ್ಲಿ ಮುಂಬದಿಯ ಆಡಿಯೋ ವಿಧವನ್ನೂ ಎಸಿ 97 ಎಂದು ಇಟ್ಟಿರಬೇಕು. ಅಪ್‌ಡೇಟ್ ಆ ಆಯ್ಕೆಯನ್ನು ಎಚ್‌ಡಿ ಎಂದು ಬದಲಿಸಿತು, ಈಗ ಬೋರ್ಡ್ ಇಲ್ಲದ ತಂತಿಯಿಂದ ಸೂಚನೆಗಾಗಿ ಕಾಯುತ್ತಿದೆ.

ಬಯೋಸ್ ಆಯ್ಕೆಯನ್ನು ಮತ್ತೆ ಎಸಿ 97ಕ್ಕೆ ತಿರುಗಿಸಿದರೂ ಕೆಲಸವಾಗುತ್ತದೆ, ಆದರೆ ಅದು ಮುಂದಿನ ಅಪ್‌ಡೇಟ್ ತನಕ ಮಾತ್ರ. ಪ್ಲಗ್ ಬದಲಿಸುವುದೇ ಸರಿಯಾದ ಪರಿಹಾರ. ಹತ್ತು ಪಿನ್‌ಗಳ ಜಾಗದಲ್ಲಿ ಒಂದು ಪಿನ್ ಇರುವುದಿಲ್ಲ, ಪ್ಲಗ್‌ನಲ್ಲೂ ಒಂದು ರಂಧ್ರ ಮುಚ್ಚಿರುತ್ತದೆ. ಅವೆರಡನ್ನೂ ಎದುರುಬದುರಾಗಿಸಿ ನೇರವಾಗಿ ಒತ್ತಿರಿ. ಕ್ಯಾಬಿನೆಟ್‌ನಲ್ಲಿ ಎಸಿ 97 ಪ್ಲಗ್ ಒಂದೇ ಇರುವವರು, ಬಯೋಸ್‌ನಲ್ಲಿ ಆ ಆಯ್ಕೆಯೂ ಇಲ್ಲದಿದ್ದರೆ, ರಿಯಲ್‌ಟೆಕ್ ತಂತ್ರಾಂಶದ ಕನೆಕ್ಟರ್ ಸೆಟ್ಟಿಂಗ್ಸ್‌ನಲ್ಲಿ ಮುಂಬದಿಯ ಜ್ಯಾಕ್ ಪತ್ತೆಯನ್ನು ನಿಲ್ಲಿಸುವ ಆಯ್ಕೆಯನ್ನು ಹುಡುಕಬೇಕು.

ಕೋಟೆ ಬಾಗಿಲು (ಬೀದರ್):

ನನಗೂ ದೃಷ್ಟಿಯಿಲ್ಲ, ನಾನೂ ಎನ್‌ವಿಡಿಎ ಬಳಸುತ್ತೇನೆ. ಈ ಚರ್ಚೆಯನ್ನು ಮೊದಲಿನಿಂದ ಕೇಳಿಸಿಕೊಂಡೆ. ಬಯೋಸ್ ಪರದೆಯನ್ನು ಯಾವ ಓದುವ ತಂತ್ರಾಂಶವೂ ಓದಲಾರದು, ಏಕೆಂದರೆ ಆಗ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ. ಬಾಣದ ಕೀಲಿಗಳನ್ನು ಎಣಿಸಿ ಒತ್ತುವ ರೂಢಿ ಕೆಲವರಿಗಿದೆ, ಆದರೆ ಅಪ್‌ಡೇಟ್ ಆದ ಮೇಲೆ ಪಟ್ಟಿಯ ಕ್ರಮವೇ ಬದಲಾಗಿ ಆ ಎಣಿಕೆ ಸುಳ್ಳಾಗುತ್ತದೆ. ಮನೆಯಲ್ಲಿ ಕಣ್ಣಿರುವವರು ಇಲ್ಲದಾಗ ನಾನು ಬಿ ಮೈ ಐಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ವಿಡಿಯೋ ಕರೆ ಮಾಡಿ ಸ್ವಯಂಸೇವಕರಿಂದ ಪರದೆ ಓದಿಸಿಕೊಳ್ಳುತ್ತೇನೆ. ಪಾಸ್‌ವರ್ಡ್ ಅಥವಾ ರಿಕವರಿ ಕೀ ಪರದೆಯ ಮೇಲಿರುವಾಗ ಮಾತ್ರ ಹಾಗೆ ಕರೆ ಮಾಡಬಾರದು.

ಕಾಕಾ ಅವರಿಗೆ ಉಪಯೋಗವಾಗಬಹುದಾದ ಇನ್ನೆರಡು ಮಾತು. ಬೋರ್ಡಿನ ಮಾದರಿ ಮತ್ತು ಬಯೋಸ್ ಆವೃತ್ತಿ ತಿಳಿಯಲು ಬಯೋಸ್ ಒಳಗೆ ಹೋಗಬೇಕಿಲ್ಲ. ವಿಂಡೋಸ್‌ನ ಸಿಸ್ಟಮ್ ಇನ್‌ಫರ್ಮೇಶನ್ ತೆರೆದರೆ ಎನ್‌ವಿಡಿಎ ಎಲ್ಲವನ್ನೂ ಓದುತ್ತದೆ. ಬಯೋಸ್ ಒಳಗೆ ಹೋಗಲೇಬೇಕಾದಾಗ ಡಿಲೀಟ್ ಕೀಲಿಯನ್ನು ಸರಿಯಾದ ಕ್ಷಣಕ್ಕೆ ಒತ್ತಲು ಪರದಾಡುವ ಬದಲು, ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಅಡ್ವಾನ್ಸ್ಡ್ ಸ್ಟಾರ್ಟಪ್ ಕೊಟ್ಟು, ಅಲ್ಲಿ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಆರಿಸಿದರೆ ಯಂತ್ರ ನೇರವಾಗಿ ಬಯೋಸ್‌ಗೇ ಹೋಗುತ್ತದೆ.

ಬ್ರಹ್ಮಪುರ ನಿವಾಸಿ (ಕಲಬುರಗಿ):

ಎಚ್‌ಡಿ ಆಡಿಯೋ ಪ್ಲಗ್ ಹಾಕಿದೆ, ಮುಂಬದಿಯ ಜ್ಯಾಕ್ ಕೆಲಸ ಮಾಡುತ್ತಿದೆ. ಹೆಡ್‌ಫೋನ್ ಹಾಕಿದ ಕೂಡಲೇ ಸ್ಪೀಕರ್ ತಾನಾಗಿ ಸುಮ್ಮನಾಗುತ್ತದೆ. ಮೊದಲು ಹಾಗೆ ಆಗುತ್ತಿರಲಿಲ್ಲವೆಂದು ಕಾಕಾ ಹೇಳುತ್ತಾರೆ. ಎನ್‌ವಿಡಿಎಯ ಸಾಧನವನ್ನೂ ಬದಲಿಸಿದೆವು. ಯುಎಸ್‌ಬಿ ಹೆಡ್‌ಸೆಟ್ಟನ್ನು ಮೇಜಿನ ಖಾನೆಯಲ್ಲೇ ಇಟ್ಟಿದ್ದೇವೆ, ವಿಂಡೋಸ್ 11 ಹಾಕುವ ದಿನ ಅದು ಬೇಕಾಗಬಹುದು. ಕೋಟೆ ಬಾಗಿಲು ಅವರ ಬರಹವನ್ನು ಕಾಕಾ ತಾವೇ ಕೇಳಿಸಿಕೊಂಡು, ಸಿಸ್ಟಮ್ ಇನ್‌ಫರ್ಮೇಶನ್ ತೆರೆದು ಬಯೋಸ್ ಆವೃತ್ತಿಯನ್ನು ತಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡರು.

ಬೀದರಿನ ಸರ್, ಒಂದು ಕೊನೆಯ ಪ್ರಶ್ನೆ: ವಿಂಡೋಸ್ 11 ಹಾಕಿದ ಮೇಲೆ ರಿಯಲ್‌ಟೆಕ್ ಡ್ರೈವರ್ ಹೊಸದು ಹಾಕಬೇಕೇ?

ಬಿದರಿ ಕುಸುರಿ (ಬೀದರ್):

ಧ್ವನಿ ಸರಿಯಾಗಿ ಬರುತ್ತಿದ್ದರೆ ವಿಂಡೋಸ್ ತಾನೇ ತಂದ ಡ್ರೈವರ್ ಸಾಕು, ಮುಟ್ಟಬೇಡಿ. ಬದಲಿಸಲೇಬೇಕಾದರೆ ನಿಮ್ಮ ಬೋರ್ಡಿನ ಮಾದರಿಯ ಪುಟದಲ್ಲಿರುವುದನ್ನೇ ತನ್ನಿ, ಹಳೆಯದನ್ನು ತೆಗೆಯುವಾಗ ಡ್ರೈವರ್ ಫೈಲುಗಳನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿ. ವಿಂಡೋಸ್ 11 ಹಾಕುವ ಮೊದಲು ಈಗಿನ ಬಯೋಸ್ ಆಯ್ಕೆಗಳ ಪ್ರತಿಯೊಂದು ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀಯನ್ನು ಬೇರೆಡೆ ಉಳಿಸಿ. ಮುಂದೆ ಯಾವತ್ತಾದರೂ ಬಯೋಸ್ ಬದಲಿಸುವುದಾದರೆ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ (ತಾತ್ಕಾಲಿಕವಾಗಿ ನಿಲ್ಲಿಸಿ), ಅಪ್‌ಡೇಟ್ ಪೂರ್ತಿ ಮುಗಿದ ಮೇಲೆ ಯಂತ್ರವನ್ನು ಆರಿಸಿ ಯುಪಿಎಸ್‌ನಿಂದ ಕೇಬಲ್ ಕಿತ್ತು, ಆಮೇಲೆ ಮತ್ತೆ ಹಾಕಿ ಶುರುಮಾಡಿ.